ಮೊದಲ ಏಟಿಗೊಂದು ಕೋಲು

ಸಂಸಾರಸ್ಥನಿಗೆ ಕೋಲು ಬೇಕಾಗುವ ಸಂದರ್ಭಗಳು ಹೆಚ್ಚೇನಿಲ್ಲ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ, ಪಕ್ಕದ ಮನೆಯ ನುಗ್ಗೆಕಾಯಿ ನಮ್ಮ ಕಾಂಪೌಂಡಿನ ಕಡೆಗೆ ಬಾಗಿದಾಗ, ಮತ್ತು ಮಂಡಿ ಮಾತು ಕೇಳದ ವಯಸ್ಸಿನಲ್ಲಿ. ನಮ್ಮ ಚಕ್ರಪಾಣಿಗೆ ಈ ಯಾವ ಕಾರಣವೂ ಇರಲಿಲ್ಲ. ನಲವತ್ತಾರರ ವಯಸ್ಸಿನಲ್ಲಿ, ಮಂಡಿ ಇನ್ನೂ ಗಟ್ಟಿಯಾಗಿರುವಾಗಲೇ, ಆತನಿಗೊಂದು ಕೋಲು ಬೇಕಾಯಿತು. ಅದೂ ಎಂಥದ್ದು? ಒಂದೇ ಒಂದು ಏಟು ಹೊಡೆದು ಆಮೇಲೆ ಗೋಡೆಗೆ ಒರಗಿಸಿಡುವ ಕೋಲು. ಇದರಿಂದಾಗಿ ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಜಯನಗರ ನಾಲ್ಕನೇ ಟಿ ಬ್ಲಾಕಿನ ಒಂದು ಅಯ್ಯಂಗಾರ್ ಮನೆತನ ಮತಾಂತರದ ಅಂಚಿನವರೆಗೆ ಹೋಗಿ ಹಿಂದಿರುಗಿತು.

ನಾನು ಚನ್ನಬಸವಯ್ಯ, ಅವರ ಪಕ್ಕದ ಮನೆಯವನು. ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಗೋಡೆಯಿದೆ. ಆ ಗೋಡೆ ದಾಟದ ಸುದ್ದಿ ಇದುವರೆಗೆ ಹುಟ್ಟಿಲ್ಲ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಇಲ್ಲವೇ ನನ್ನ ಹೆಂಡತಿ ಶಾಂತಾದೇವಿ ಕಿವಿಯಾರೆ ಕೇಳಿದ್ದು.

ತಿಲಕ್ ನಗರದ ಅಂಚಿನಲ್ಲಿ ನಮ್ಮದೊಂದು ಮನರಂಜನಾ ಸಂಘವಿತ್ತು. ಅದು ಸೇರುತ್ತಿದ್ದ ದೊಡ್ಡ ಹಾಲು ಬೈಲಪ್ಪನವರದು. ಇಲ್ಲೆಲ್ಲ ಸೈಟುಗಳಾಗುವ ಮೊದಲು ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಸಂಘದಲ್ಲಿ ಎರಡು ಕೇರಂ ಬೋರ್ಡು, ಒಂದು ಚದುರಂಗ, ಹಿಂದಿನ ದಿನದ ಪತ್ರಿಕೆ. ದಂಡು ಪ್ರದೇಶದ ಕಡೆ ಯಾವುದೋ ಹೋಟೆಲು ಮುಚ್ಚಿದಾಗ ನಮ್ಮ ಕಾರ್ಯದರ್ಶಿ ಪರಮಶಿವಯ್ಯನವರು ಅಲ್ಲಿದ್ದ ಪೂಲ್ ಆಟದ ಮೇಜನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದುಬಿಟ್ಟರು. ಅವರು ಲೋಕೋಪಯೋಗಿ ಇಲಾಖೆಯ ನಿವೃತ್ತ ಎಂಜಿನಿಯರು. ಭಾರವಾದ ವಸ್ತು ಯಾವುದು ಕಂಡರೂ ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಆಸೆ ಅವರಿಗೆ ಹುಟ್ಟುತ್ತಿತ್ತು.

ಮೇಜೇನೋ ಬಂತು. ಹಸಿರು ಬಟ್ಟೆ ಹೊದಿಸಿದ ಹಾಸು, ಆರು ಕುಳಿ, ಹದಿನೈದು ಬಣ್ಣದ ಚೆಂಡು, ಒಂದು ಬಿಳಿ ಚೆಂಡು, ಎರಡು ಕೋಲು. ಆಡುವುದು ಹೇಗೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾವೆಲ್ಲ ಕೇರಂ ವೀರರು. ಸುಮ್ಮನೆ ಸುತ್ತ ನಿಂತು, ಹೆಣ್ಣು ನೋಡಲು ಬಂದವರ ಹಾಗೆ ಬಾಯಿ ಬಿಡದೆ ನೋಡುತ್ತಿದ್ದೆವು. ಆಗ ಚಕ್ರಪಾಣಿ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮೇಜಿಗೆ ಒಂದು ಪ್ರದಕ್ಷಿಣೆ ಹಾಕಿದ.

"ಬ್ರೇಕ್ ಕ್ಯೂ ಎಲ್ಲಿ?" ಎಂದ.

"ಏನದು?" ಎಂದರು ಪರಮಶಿವಯ್ಯ.

"ಮೊದಲನೇ ಏಟಿನ ಕೋಲು ಸಾರ್. ಹದಿನೈದು ಚೆಂಡನ್ನೂ ತ್ರಿಕೋಣವಾಗಿ ಜೋಡಿಸಿ, ಬಿಳಿ ಚೆಂಡಲ್ಲಿ ಹೊಡೆದು ಚದುರಿಸ್ಬೇಕು. ಅದು ಬ್ರೇಕು. ಅದಕ್ಕೆ ಅಂತಲೇ ಬೇರೆ ಕೋಲಿರುತ್ತೆ. ಒಂದೇಟು ಹೊಡೆದು ಪಕ್ಕಕ್ಕಿಡೋದು. ಇವೆರಡೂ ಆಡೋ ಕೋಲು. ಆಡೋ ಕೋಲಲ್ಲಿ ಬ್ರೇಕ್ ಹೊಡೆದ್ರೆ, ರೇಷ್ಮೆ ಪಂಚೇಲಿ ಸ್ಕೂಟರ್ ಒರೆಸಿದ ಹಾಗೆ."

ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ಸವೆಸಿದ ಈ ಮನುಷ್ಯ ಮಾತಾಡಿದಾಗ ನಾಲ್ಕು ಜನ ಬಾಯಿ ಮುಚ್ಚಿದ್ದು ಅದೇ ಮೊದಲು. ತನ್ನ ಜ್ಞಾನದ ಮೂಲವನ್ನು ಆಮೇಲೆ ದಾರಿಯಲ್ಲಿ ನನಗೆ ಹೇಳಿದ. ತರಬೇತಿಗೆಂದು ಬೊಂಬಾಯಿಗೆ ಹೋದಾಗ, ಲಾಡ್ಜಿನ ಕೆಳಗೆ ಯಾರೋ ಆಡುತ್ತಿದ್ದರಂತೆ. ಒಬ್ಬ ಒಂದು ಕೋಲಿನಿಂದ ಮೊದಲ ಏಟು ಹೊಡೆದು, ಅದನ್ನು ಗೋಡೆಗೊರಗಿಸಿ ಇನ್ನೊಂದು ಕೈಗೆತ್ತಿಕೊಂಡನಂತೆ. ಯಾಕೆಂದು ಕೇಳಿದ್ದಕ್ಕೆ ಇಷ್ಟು ವಿವರಣೆ ಸಿಕ್ಕಿತಂತೆ. ಅಷ್ಟರಲ್ಲಿ ಊಟದ ಗಂಟೆ ಬಾರಿಸಿತಂತೆ. ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು.

ಪರಮಶಿವಯ್ಯ ಅಂದೇ ತೀರ್ಮಾನ ಮಾಡಿಬಿಟ್ಟರು. ಬರುವ ತಿಂಗಳ ಮೊದಲ ಭಾನುವಾರ ಉದ್ಘಾಟನೆ. ಬೈಲಪ್ಪನವರು ಟೇಪು ಕತ್ತರಿಸುವುದು, ಚಕ್ರಪಾಣಿ ಮೊದಲ ಏಟು ಹೊಡೆಯುವುದು. ತಕ್ಕ ಕೋಲನ್ನು ಆತನೇ ಆರಿಸಿ ತರುವುದು.

ಬೈಲಪ್ಪನವರು ಮೀಸೆ ಸವರಿಕೊಂಡು ಒಂದು ಮಾತು ಸೇರಿಸಿದರು. "ನೋಡ್ರಪ್ಪಾ, ಮೊದಲನೇ ಏಟು ಚೆನ್ನಾಗಿ ಬೀಳ್ಬೇಕು. ನಮ್ಮಪ್ಪ ಬಾವಿ ತೋಡಿಸುವಾಗ ಮೊದಲನೇ ಗುದ್ದಲಿ ಕಲ್ಲಿಗೆ ತಾಕಿದ್ರೆ ಆ ಜಾಗಾನೇ ಬಿಟ್ಬಿಡೋರು. ಇಲ್ಲೂ ಹಂಗೇಯ. ಏಟು ತಪ್ತು ಅಂದ್ರೆ ಮೇಜು ಆಚೆಗೆ. ಸಿಮೆಂಟ್ ಗೋಡೌನ್‌ನೋರು ಈ ಹಾಲು ಕೇಳ್ತಾನೇ ಅವ್ರೆ."

ಹೀಗೆ ಸಂಘದ ಸೂರು, ನಮ್ಮೆಲ್ಲರ ಸಾಯಂಕಾಲಗಳು, ಮತ್ತು ಚಕ್ರಪಾಣಿಗೆ ಜನ್ಮದಲ್ಲಿ ಮೊದಲ ಸಲ ಸಿಕ್ಕಿದ ಮರ್ಯಾದೆ, ಮೂರೂ ಇನ್ನೂ ಹುಟ್ಟದ ಒಂದು ಕೋಲಿನ ತುದಿಯಲ್ಲಿ ನೇತಾಡತೊಡಗಿದವು.

ಇಷ್ಟಾದರೆ ಇದು ಸಂಘದ ವಿಷಯವಾಗಿಯೇ ಉಳಿಯುತ್ತಿತ್ತು. ಆದರೆ ಚಕ್ರಪಾಣಿಗೆ ಒಬ್ಬ ಮಾವನಿದ್ದರು. ಬಸವನಗುಡಿಯ ತಿರುನಾರಾಯಣ ಅಯ್ಯಂಗಾರ್ಯರು, ನಿವೃತ್ತ ಸಂಸ್ಕೃತ ಪಂಡಿತರು. ಅವರ ಶಬ್ದಕೋಶದಲ್ಲಿ ಕ್ಲಬ್ಬು ಎಂದರೆ ಇಸ್ಪೀಟು, ಇಸ್ಪೀಟು ಎಂದರೆ ಸರ್ವನಾಶ. ಆದ್ದರಿಂದ ಚಕ್ರಪಾಣಿ ಮನೆಯಲ್ಲಿ ನಿಜ ಹೇಳಿರಲಿಲ್ಲ. ಸಂಜೆ ಯಡಿಯೂರಿನಲ್ಲಿ ಗೀತೆಯ ಉಪನ್ಯಾಸ ನಡೆಯುತ್ತಿದೆ, ಅದಕ್ಕೆ ಹೋಗುತ್ತೇನೆ ಎಂದಿದ್ದ. ವರ್ಷವಿಡೀ ನಡೆದರೂ ಮುಗಿಯದ ವಿಷಯ ಬೇಕಾಗಿತ್ತು, ಗೀತೆಯನ್ನು ಆರಿಸಿಕೊಂಡಿದ್ದ. ನನ್ನಿಂದಲೂ ಬಾಯಿ ಬಿಡುವುದಿಲ್ಲವೆಂದು ಭಾಷೆ ತೆಗೆದುಕೊಂಡಿದ್ದ. ನಾನು ಮಾತಿಗೆ ತಪ್ಪುವವನಲ್ಲ. ಅದರಲ್ಲೂ ತಪ್ಪದಿದ್ದರೆ ತಮಾಷೆ ಹೆಚ್ಚುತ್ತದೆ ಎನ್ನುವಾಗ.

ಮೊದಲ ಅನಾಹುತ ಕಾಫಿಯದು. ಪೂಲ್ ಆಡುವವನ ಕೈ ಕಲ್ಲಿನಂತಿರಬೇಕು, ಕಾಫಿ ಕುಡಿದರೆ ಕೈ ನಡುಗುತ್ತದೆ ಎಂದು ಸಂಘದಲ್ಲಿ ಯಾರೋ ಅಂದರು. ಮಾರನೆಯ ಬೆಳಿಗ್ಗೆ ಹೆಂಡತಿ ಪಂಕಜಾ ಲೋಟ ಡಬರಾ ತಂದಿಟ್ಟಾಗ ಚಕ್ರಪಾಣಿ ಅದನ್ನು ಬೆರಳ ತುದಿಯಿಂದ ದೂರ ತಳ್ಳಿದ.

"ಬಿಟ್ಟುಬಿಟ್ಟೆ," ಎಂದ.

"ಏನನ್ನ?"

"ಕಾಫೀನ."

ಒಳಗಿನಿಂದ ಆತನ ತಾಯಿ ಚೂಡಾಮಣಿಯಮ್ಮನವರು ತುಳಸಿಮಣಿ ಹಿಡಿದ ಕೈಯಲ್ಲೇ ಹೊರಗೆ ಬಂದರು. ಎಪ್ಪತ್ತು ದಾಟಿದ ಹೆಂಗಸು. ಗಂಡ ಹೋದಾಗ, ಊರಿನ ಜಮೀನು ಹೋದಾಗ ಧೃತಿಗೆಡದವರು. "ಮೈಯಲ್ಲಿ ಹುಷಾರಿಲ್ವೇನೋ?" ಎಂದು ಮಗನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಅದರಿಂದ ಅವರ ಭಯ ಇನ್ನೂ ಹೆಚ್ಚಾಯಿತು. ಅಯ್ಯಂಗಾರ್ ಮನೆಯಲ್ಲಿ ಗಂಡಸು ಹೆಂಡತಿಯನ್ನು ಬಿಟ್ಟರೆ ಪಂಚಾಯ್ತಿ ಮಾಡಿಸಬಹುದು. ಕಾಫಿ ಬಿಟ್ಟರೆ ಯಾರನ್ನು ಕರೆಸುವುದು?

ಎರಡನೆಯದು ಅಭ್ಯಾಸದ್ದು. ಬೆಳಗಿನ ಜಾವ ಎದ್ದು, ಸ್ನಾನ ಮಾಡಿ ನಾಮ ಇಟ್ಟುಕೊಂಡು, ಚಕ್ರಪಾಣಿ ಮಂಚದ ಈ ತುದಿಯಲ್ಲಿ ಸೊಂಟದವರೆಗೆ ಬಾಗಿ ನಿಲ್ಲುತ್ತಿದ್ದ. ಆ ತುದಿಯಲ್ಲಿ ಒಂದು ನಿಂಬೆಹಣ್ಣು. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ನಿಂಬೆಹಣ್ಣನ್ನೇ ದಿಟ್ಟಿಸುವುದು. ಕೋಲು ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಬರಿಗೈಯನ್ನೇ ಹಿಂದೆ ಮುಂದೆ ಆಡಿಸುವುದು. ಪಂಕಜಾ ಬಾಗಿಲ ಸಂದಿಯಿಂದ ಇದನ್ನು ನೋಡಿ, ಗೋಡೆಯ ಬಳಿ ಬಂದು ನನ್ನ ಹೆಂಡತಿಯನ್ನು ಕರೆದಳು.

"ಶಾಂತಕ್ಕ, ಇವರು ಧ್ಯಾನ ಶುರುಮಾಡಿದಾರೆ ಕಣ್ರೀ. ಕರೆದ್ರೆ ಓ ಅನ್ನಲ್ಲ. ಕೈ ಏನೋ ಮುದ್ರೆ ತೋರಿಸ್ತಿರುತ್ತೆ. ಗೀತೆ ಕೇಳೋಕೆ ಕಳಿಸಿದ್ದೇ ತಪ್ಪಾಯ್ತು."

ಶಾಂತಾದೇವಿ ಸಮಾಧಾನ ಹೇಳಿದಳು. ಅವಳಿಗೂ ನಾನು ನಿಜ ಹೇಳಿರಲಿಲ್ಲ. ಹೇಳಿದ್ದರೆ ಗೋಡೆ ದಾಟಲು ಎಷ್ಟು ಹೊತ್ತು?

ಸಂಘದಲ್ಲಿ ಅಷ್ಟರಲ್ಲಿ ಎರಡು ಪಂಥಗಳಾಗಿದ್ದವು. ಬ್ರೇಕಿನ ಕೋಲು ಭಾರವಾಗಿರಬೇಕು, ರೋಡ್ ರೋಲರಿನ ತತ್ವ ಅದೇ, ಎಂದರು ಪರಮಶಿವಯ್ಯ. ಹಗುರವಾಗಿದ್ದರೇ ವೇಗ, ಮೇಷ್ಟರ ಬೆತ್ತ ನೋಡಿ, ಎಂದರು ಉಳಿದವರು. ಚಕ್ರಪಾಣಿ ಭಾರದವರ ಎದುರು ಭಾರಕ್ಕೆ ತಲೆಯಾಡಿಸುತ್ತಿದ್ದ, ಹಗುರದವರ ಎದುರು ಹಗುರಕ್ಕೆ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಆಟದ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವನು ಒಂದು ಹಾಕಿ ಸ್ಟಿಕ್ಕು ತೋರಿಸಿ, ಬಗ್ಗಿದ ಭಾಗ ಕತ್ತರಿಸಿ ಕೊಡುತ್ತೇನೆ ಎಂದ.

ಹೀಗೆ ತಬ್ಬಿಬ್ಬಾಗಿದ್ದಾಗ ಒಂದು ಭಾನುವಾರ ಮಾವನವರು ಬಂದರು. ನಾನೂ ಅಲ್ಲೇ ಕೂತಿದ್ದೆ. ಆ ಮನೆಯಲ್ಲಿ ತಮಿಳು ಕನ್ನಡ ಎರಡೂ ಬೆರೆತ ಮಾತು. ನನ್ನಂಥವನಿಗೆ ಅರ್ಥವಾದಷ್ಟನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಮಾವ, ನೀವು ತಿಳಿದೋರು," ಎಂದ ಚಕ್ರಪಾಣಿ ಉಪಾಯವಾಗಿ. "ಬಾಗದೆ ನೆಟ್ಟಗಿರೋ ಕೋಲು ಬೇಕು ಅಂದ್ರೆ ಯಾವುದರದ್ದು ಒಳ್ಳೇದು?"

"ಯಾತಕ್ಕೆ?"

"ಒಂದು ಶುಭಕಾರ್ಯಕ್ಕೆ. ನನಗೇ."

ಪಂಡಿತರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಶಾಸ್ತ್ರದಲ್ಲಿ ಬಿದಿರು ಅಂತ ಹೇಳಿದೆ. ಉದ್ದ, ಪಾದದಿಂದ ಹುಬ್ಬಿನವರೆಗೆ."

ಚಕ್ರಪಾಣಿಯ ಕಣ್ಣು ಅರಳಿತು. ಸಂಘದ ಕೋಲುಗಳೂ ಸರಿಯಾಗಿ ಅಷ್ಟೇ ಉದ್ದ ಇದ್ದವು. "ಎಲ್ಲಾ ಶಾಸ್ತ್ರಾನೂ ಒಂದೇ ಹೇಳುತ್ತೆ ನೋಡಿ," ಎಂದ.

"ಅದನ್ನ ಹಿಡಿದ ಮೇಲೆ ಬೇರೆ ಯೋಚನೆ ಇರಕೂಡದು."

"ಇಲ್ಲವೇ ಇಲ್ಲ ಮಾವ. ಮನಸ್ಸು ಒಂದೇ ಬಿಂದುವಿನಲ್ಲಿ ನಿಂತಿರಬೇಕು. ಅಭ್ಯಾಸ ಮಾಡ್ತಿದೀನಿ."

"ಅದರಿಂದ ಯಾರನ್ನೂ ಹೊಡೆಯಕೂಡದು."

"ಒಂದೇ ಸಲ. ಆಮೇಲೆ ಮುಟ್ಟೋದೇ ಇಲ್ಲ."

ಪಂಡಿತರಿಗೆ ಈ ಉತ್ತರ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಅವರು ವೈರಾಗ್ಯದ ಲೆಕ್ಕಕ್ಕೆ ಸೇರಿಸಿಕೊಂಡರು. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು. "ಎಷ್ಟು ಕೋಲು?"

"ಒಂದೇ ಸಾಕು ಮಾವ."

ಅವರ ಮುಖ ಬಿಳಿಚಿಕೊಂಡಿತು. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡವರೇ, ಪಂಕಜಾ ಕರೆದರೂ ತಿರುಗದೆ ಹೊರಟುಹೋದರು. "ಮಾವನೋರು ಬಿದಿರು ಅಂದ್ರು. ಅಂದ್ರೆ ಅವರು ಹಗುರದ ಪಂಥ," ಎಂದು ಚಕ್ರಪಾಣಿ ನನ್ನ ಕಡೆ ತಿರುಗಿದ.

ಬಿದಿರು ಎಂದು ಮಾವ ಹೇಳಿದರೂ ಚಕ್ರಪಾಣಿ ಕೊನೆಗೆ ಮಣಿದದ್ದು ಕಾರ್ಯದರ್ಶಿಗಳ ಭಾರಕ್ಕೇ. ಜರಗನಹಳ್ಳಿಯಲ್ಲಿ ದಾಸಪ್ಪ ಎಂಬ ಮರ ಕಡೆಯುವವನಿದ್ದ. ಮಂಚದ ಕಾಲು, ತೊಟ್ಟಿಲ ಕಂಬ ಕಡೆಯುವುದರಲ್ಲಿ ಎತ್ತಿದ ಕೈ. ತೇಗದ ಒಂದು ಉದ್ದನೆಯ ರೀಪು ತೆಗೆದುಕೊಂಡು, ನೆಟ್ಟಗೆ, ನುಣ್ಣಗೆ, ಕೆಳಗೆ ದಪ್ಪ ಮೇಲೆ ಸಣ್ಣ ಮಾಡಿಕೊಡು ಎಂದು ಚಕ್ರಪಾಣಿ ಚಿತ್ರ ಬರೆದು ವಿವರಿಸಿದ. ತುದಿಗೆ ತೊಗಲಿನ ಬಿಲ್ಲೆ ಇರಬೇಕೆಂಬುದು ಆತನಿಗೆ ಗೊತ್ತಿತ್ತು. ಆದರೆ ತೊಗಲು ಹಾಕಿದ ವಸ್ತುವನ್ನು ತಾಯಿ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹಿತ್ತಾಳೆಯ ಮೂತಿ ಹಾಕು ಎಂದ.

ಹೋಗಿ ನೋಡಿದಾಗ ಕೋಲು ತಯಾರಾಗಿತ್ತು. ಮೈಯುದ್ದಕ್ಕೂ ಗೆಜ್ಜೆ ಕಟ್ಟಿದ ಹಾಗೆ ಸುತ್ತು ಸುತ್ತು ಉಂಗುರಗಳು, ಮೇಲೊಂದು ಕಮಲದ ಮೊಗ್ಗು, ಅದರ ತುದಿಗೆ ಹಿತ್ತಾಳೆ.

"ನುಣ್ಣಗೆ ಅಂದಿದ್ನಲ್ಲ ದಾಸಪ್ಪ?"

"ಮೊದ್ಲು ನುಣ್ಣಗೇ ಮಾಡ್ದೆ ಸಾಮಿ. ನೋಡಕ್ಕೆ ಬೋಳು ಬೋಳಾಗಿ ಅಪಶಕುನದಂಗೆ ಇತ್ತು. ಶುಭಕಾರ್ಯಕ್ಕೆ ಅಂದ್ರಲ್ಲಾ. ಅದ್ಕೇ ಒಂದಷ್ಟು ಡಿಸೈನು ಕೊಟ್ಟೆ."

ಬೇರೆ ಮಾಡಿಸಲು ದಿನಗಳಿರಲಿಲ್ಲ. ಗಟ್ಟಿ ತೇಗ, ಕೈಗೆ ಭಾರವಾಗಿ ಬರುತ್ತಿತ್ತು. ಚಕ್ರಪಾಣಿ ಅದನ್ನು ಹಿಡಿದುಕೊಂಡು ಕನಕಪುರ ರಸ್ತೆಯಲ್ಲಿ ಬಸ್ಸು ಹತ್ತಿದ. ಹಣೆಯಲ್ಲಿ ನಾಮ, ಕೈಯಲ್ಲಿ ಹುಬ್ಬಿನೆತ್ತರದ ಕೋಲು, ಕಾಫಿಯಿಲ್ಲದೆ ಒಳಸೇರಿದ ಕಣ್ಣು. ತುಂಬಿದ ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. "ಕೂತ್ಕೊಳಿ ಸಾಮೇರೆ," ಎಂದಳು. ಕಂಡಕ್ಟರು ಕೋಲು ತಾಕಿಸಿಕೊಂಡವರ ಮೇಲೆಯೇ ರೇಗಿದ. ಇಳಿಯುವಾಗ ಮುದುಕರೊಬ್ಬರು ಮೊಮ್ಮಗುವನ್ನು ತಂದು ಆಶೀರ್ವಾದ ಮಾಡಿಸಿಕೊಂಡರು. ಬ್ರೇಕ್ ಕ್ಯೂವಿಗೆ ಇಷ್ಟು ಗೌರವವಿದೆಯೆಂದು ತಿಳಿದಿರಲಿಲ್ಲ ಎಂದು ಚಕ್ರಪಾಣಿ ನನ್ನ ಹತ್ತಿರ ಹೆಮ್ಮೆಪಟ್ಟುಕೊಂಡ.

ಕೋಲಿಗೆ ಒಂದು ಚೀಲ ಬೇಕಿತ್ತು. ತಿಲಕ್ ನಗರದ ದರ್ಜಿಯ ಹತ್ತಿರ ಉಳಿದಿದ್ದ ಬಟ್ಟೆ ಒಂದೇ ಬಣ್ಣದ್ದು. ಅದು ಕಾವಿ ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಚಕ್ರಪಾಣಿ ಅದನ್ನು ತಂದು ದೇವರ ಮನೆಯ ಬಾಗಿಲ ಹಿಂದೆ ನಿಲ್ಲಿಸಿದ. ಮನೆಯಲ್ಲಿ ಯಾರೂ ಧೈರ್ಯವಾಗಿ ಮುಟ್ಟದ ಜಾಗ ಅದೊಂದೇ.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಚಕ್ರಪಾಣಿ ಕಚೇರಿಯಲ್ಲಿದ್ದಾಗ ನನಗೆ ಆ ಮನೆಯಿಂದ ಕರೆ ಬಂತು. ಹಜಾರದಲ್ಲಿ ಪಂಡಿತರು, ಚೂಡಾಮಣಿಯಮ್ಮ, ಪಂಕಜಾ. ಪಂಕಜಾಳ ಕಣ್ಣು ಊದಿತ್ತು. ಮಧ್ಯೆ ಚಾಪೆಯ ಮೇಲೆ ಕಾವಿ ಚೀಲ.

"ಚನ್ನಬಸವಯ್ಯನೋರೇ," ಎಂದರು ಪಂಡಿತರು, "ನೀವು ಸ್ನೇಹಿತರು. ಮುಚ್ಚಿಡಬೇಡಿ. ನಮ್ಮ ಅಳಿಯಂದಿರು ಸನ್ಯಾಸ ತಗೋತಿದಾರೆ."

ನಾನು ನಕ್ಕಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಭಾಷೆ ಕೊಟ್ಟಿದ್ದೆ. ಕೆಮ್ಮಿದೆ.

"ಕಾಫಿ ಬಿಟ್ಟಾಗಲೇ ನನಗೆ ಅನ್ನಿಸ್ತು," ಎಂದರು ಚೂಡಾಮಣಿಯಮ್ಮ. "ಆದ್ರೆ ತಾಯಿ ಅಪ್ಪಣೆ ಇಲ್ದೆ ಹೇಗೆ ಸನ್ಯಾಸ ಆಗುತ್ತೆ? ಇವನು ಮದುವೇಗೆ ಮೊದಲು ಮೀಸೆ ಬಿಡೋಕೂ ನನ್ನ ಕೇಳಿದ್ದ."

"ಸನ್ಯಾಸ ತಗೊಳ್ಳಲಿ," ಎಂದರು ಪಂಡಿತರು. ಪಂಕಜಾ ಅಪ್ಪನ ಮುಖ ನೋಡಿದಳು. "ಮಗಳೇ, ನಿನ್ನ ಹಣೆಬರಹ. ಅದನ್ನಾದರೂ ನಾನು ಸಹಿಸ್ಕೋತೀನಿ. ಆದರೆ ಒಂದು ಕೋಲು. ಒಂದೇ ಕೋಲು. ಇದನ್ನ ಹೇಗೆ ಸಹಿಸಲಿ?"

ಇಲ್ಲಿ ಓದುಗರಿಗೆ ಒಂದು ವಿವರ ಕೊಡಬೇಕು. ಶ್ರೀವೈಷ್ಣವರಲ್ಲಿ ಸನ್ಯಾಸಿಯಾದವರು ಮೂರು ಬಿದಿರು ಕೋಲುಗಳನ್ನು ಒಟ್ಟಿಗೆ ಕಟ್ಟಿ ಹಿಡಿಯುತ್ತಾರೆ. ಒಂದೇ ಕೋಲು ಹಿಡಿಯುವುದು ಸ್ಮಾರ್ತರ ಪದ್ಧತಿ. ಈ ಒಂದಕ್ಕೂ ಆ ಮೂರಕ್ಕೂ ನಡುವೆ ನೂರಾರು ವರ್ಷಗಳ ವಾದವಿದೆ. ಅಳಿಯ ಮನೆ ಬಿಟ್ಟು ಹೋಗುವುದನ್ನು ಆ ವೃದ್ಧರು ಒಪ್ಪಿಯಾಗಿತ್ತು. ಎದುರು ಪಕ್ಷಕ್ಕೆ ಸೇರಿ ಹೋಗುವುದನ್ನು ಮಾತ್ರ ಒಪ್ಪಲಾರರು.

"ನಾಳೆ ಶುಭಕಾರ್ಯ ಅಂತ ಪಂಕಜಾ ಹತ್ತಿರ ಹೇಳಿದಾರಂತೆ. ಎಲ್ಲಿ?" ಎಂದು ಕೇಳಿದರು.

"ತಿಲಕ್ ನಗರದಲ್ಲಿ," ಎಂದೆ. ಸ್ಥಳ ಹೇಳುವುದಿಲ್ಲ ಎಂದು ನಾನು ಭಾಷೆ ಕೊಟ್ಟಿರಲಿಲ್ಲ. "ಹತ್ತು ಗಂಟೆಗೆ. ಬೈಲಪ್ಪನವರ ಹಾಲು."

"ನಡೆಸಿಕೊಡೋರು ಯಾರು?"

"ಪರಮಶಿವಯ್ಯನವರು."

ಪಂಡಿತರು ಎರಡೂ ಕಿವಿ ಮುಚ್ಚಿಕೊಂಡರು. "ಹೆಸರೇ ಹೇಳುತ್ತೆ," ಎಂದು ನರಳಿದರು. ನಾನು ವಿಭೂತಿ ಹಚ್ಚುವವನೆಂದು ನೆನಪಾಗಿ, "ನಿಮಗೆ ಬೇಜಾರಾಗಬಾರದು," ಎಂದು ಸೇರಿಸಿದರು. ನನಗೇನೂ ಬೇಜಾರಿರಲಿಲ್ಲ. ಅಷ್ಟು ಸೊಗಸಾದ ಮಧ್ಯಾಹ್ನ ಬಹಳ ದಿನದಿಂದ ಕಂಡಿರಲಿಲ್ಲ.

ಭಾನುವಾರ ಬಂತು. ಹಾಲಿಗೆ ಮಾವಿನ ತೋರಣ. ಹದಿನೈದು ಚೆಂಡುಗಳೂ ತ್ರಿಕೋಣದಲ್ಲಿ ಸೇರಿ ನಿಂತಿದ್ದವು. ಪರಮಶಿವಯ್ಯ ಮಟ್ಟಗೋಲು ಇಟ್ಟು ಮೇಜು ಸಮವಾಗಿದೆಯೆಂದು ಮೂರನೇ ಸಲ ಪರೀಕ್ಷಿಸಿದರು. ಬೈಲಪ್ಪನವರು ಟೇಪು ಕತ್ತರಿಸಿ, ಕೈಕಟ್ಟಿ, ತಂದೆಯವರು ಬಾವಿಯ ಪಕ್ಕ ನಿಲ್ಲುತ್ತಿದ್ದರೆಂದು ಹೇಳಲಾಗುವ ಭಂಗಿಯಲ್ಲಿ ನಿಂತರು. ಹೊರಗೆ ಮರದ ಕೆಳಗೆ ಸಿಮೆಂಟ್ ಗೋಡೌನಿನವನೂ ಸುಮ್ಮನೆ ಬಂದು ನಿಂತಿದ್ದ.

ಚಕ್ರಪಾಣಿ ಕಾವಿ ಚೀಲದಿಂದ ಕೋಲು ತೆಗೆದ. ಮಂಚದ ಕಾಲಿನಂತಿದ್ದ ಅದನ್ನು ನೋಡಿ ಸಭೆಯಲ್ಲಿ ಮೆಚ್ಚುಗೆಯ ಗುಸುಗುಸು ಹುಟ್ಟಿತು. ವಿದೇಶದ್ದಿರಬೇಕು ಎಂದರು ಯಾರೋ. ಆತ ಬಾಗಿದ. ಒಂದು ಕಣ್ಣು ಮುಚ್ಚಿದ. ಆಗ ನಾನು ನೋಡಿದೆ. ಕೈ ನಡುಗುತ್ತಿತ್ತು. ಇಪ್ಪತ್ತೈದು ವರ್ಷ ಬೆಳಿಗ್ಗೆ ಸಂಜೆ ಡಿಕಾಕ್ಷನ್ ಕಂಡ ರಕ್ತ ಅದು, ಒಂದು ತಿಂಗಳ ಉಪವಾಸಕ್ಕೆ ಕಂಗಾಲಾಗಿತ್ತು. ನಡುಗದಿರಲೆಂದು ಬಿಟ್ಟ ಕಾಫಿಗಾಗಿಯೇ ಕೈ ನಡುಗುತ್ತಿತ್ತು.

ಕೋಲು ಹಿಂದೆ ಹೋಯಿತು. ಮುಂದೆ ಬಂತು. ಅರ್ಧ ದಾರಿಯಲ್ಲಿ ದಾಸಪ್ಪನ ಮೂರನೆಯ ಉಂಗುರ ಚಕ್ರಪಾಣಿಯ ಎಡಗೈ ಬೆರಳುಗಳ ನಡುವೆ ಸಿಕ್ಕಿಕೊಂಡಿತು. ಹಿತ್ತಾಳೆಯ ಮೂತಿ ಮೇಲಕ್ಕೆದ್ದು, ಬಿಳಿ ಚೆಂಡಿನ ನೆತ್ತಿಯ ಮೇಲೆ ಗಾಳಿಯಲ್ಲಿ ಹಾದು, ಹಿಂದಕ್ಕೆ ಬಂತು. ಚೆಂಡು ಇದ್ದಲ್ಲೇ ಇತ್ತು.

"ತಾಕ್ತಾ?" ಎಂದರು ಬೈಲಪ್ಪ.

"ಇಲ್ಲ," ಎಂದ ಚಕ್ರಪಾಣಿ. ಆತನ ಮುಖ ನೋಡಲು ನನಗೇ ಕಷ್ಟವಾಯಿತು. ನಗುವ ಚಪಲ ಎಷ್ಟಿದ್ದರೂ, ಆ ಕ್ಷಣ ಮಾತ್ರ ಪಾಪ ಅನ್ನಿಸಿತು.

"ಶಕುನ ಸರಿ ಇಲ್ಲ," ಎಂದು ಬೈಲಪ್ಪ ಹೊರಗಿನ ಮರದ ಕಡೆ ನೋಡಿದರು. "ಇದು ಟ್ರಯಲ್ಲು, ಟ್ರಯಲ್ಲು," ಎಂದು ಪರಮಶಿವಯ್ಯ ಅಡ್ಡ ಬಂದರು. "ಚೆಂಡು ಮುಟ್ಟದಿದ್ರೆ ಏಟು ಅಂತ ಲೆಕ್ಕ ಇಲ್ಲ. ಗುದ್ದಲಿ ನೆಲಕ್ಕೇ ಬಿದ್ದಿಲ್ಲ ಅಂದ್ಮೇಲೆ ಕಲ್ಲೆಲ್ಲಿ ಬೈಲಪ್ಪನೋರೇ?"

ಬೈಲಪ್ಪ ಯೋಚಿಸಿದರು. "ಸರಿ. ಇನ್ನೊಂದೇ ಒಂದು."

ಆಗಲೇ ಹೊರಗೆ ಎರಡು ಆಟೋ ನಿಂತ ಸದ್ದಾಯಿತು. ಮುಂದೆ ಪಂಡಿತರು, ಒದ್ದೆ ಪಂಚೆ, ಹನ್ನೆರಡು ನಾಮ. ಎರಡೂ ಕೈಯಲ್ಲಿ ಒಂದೊಂದು ಉದ್ದನೆಯ ಬಿದಿರು ಕೋಲು, ಹೆಗಲ ಮೇಲೆ ಹಗ್ಗದ ಸುರುಳಿ. ಹಿಂದೆ ಚೂಡಾಮಣಿಯಮ್ಮ. ಅವರ ಹಿಂದೆ ಪಂಕಜಾ, ಕೈಯಲ್ಲಿ ಫ್ಲಾಸ್ಕು.

"ನಿಲ್ಲಿಸಿ," ಎಂದರು ಪಂಡಿತರು. "ಅಳಿಯಂದಿರೇ, ಹೋಗೋದಾದರೆ ಹೋಗಿ. ಆದರೆ ನಮ್ಮವರ ಹಾಗೆ ಹೋಗಿ. ನಿಮ್ಮದೊಂದು, ಇವೆರಡು. ಮೂರಾಯ್ತು. ನಾನೇ ಕಟ್ಟಿಕೊಡ್ತೀನಿ."

ಸಭೆಗೆ ಏನೂ ಅರ್ಥವಾಗಲಿಲ್ಲ. ಪಂಡಿತರ ದೃಷ್ಟಿ ಹಸಿರು ಮೇಜಿನ ಮೇಲೆ, ಬಣ್ಣದ ಚೆಂಡುಗಳ ಮೇಲೆ ಹರಿಯಿತು. ಇದು ಯಾವ ಸೂತ್ರದ ಪ್ರಕಾರದ ಮಂಡಲ ಎಂದು ಅವರು ಯೋಚಿಸುತ್ತಿರುವುದು ಕಾಣುತ್ತಿತ್ತು.

"ಹೋಗೋದು ಎಲ್ಲಿಗೆ ಮಾವ?" ಎಂದ ಚಕ್ರಪಾಣಿ.

"ಸನ್ಯಾಸಕ್ಕೆ."

"ಯಾರು?"

"ನೀವು."

ಚಕ್ರಪಾಣಿ ಒಮ್ಮೆ ಕೋಲು ನೋಡಿದ, ಒಮ್ಮೆ ಕಾವಿ ಚೀಲ ನೋಡಿದ. ಒಂದು ತಿಂಗಳಿನ ಲೆಕ್ಕವೆಲ್ಲ ಆತನ ಮುಖದಲ್ಲಿ ಒಂದೊಂದಾಗಿ ಕೂಡಿಬಂತು. "ಅಯ್ಯೋ ಮಾವ, ಇದು ಆಟ," ಎಂದ. "ಕೇರಂ ಥರ. ಇದು ಬರೀ ಮೊದಲನೇ ಏಟಿಗೆ. ನಾನು ಗೀತೆ ಕೇಳೋಕೆ ಹೋಗ್ತಿರಲಿಲ್ಲ, ಇಲ್ಲಿಗೆ ಬರ್ತಿದ್ದೆ."

"ಕ್ಲಬ್ಬಿಗೆ," ಎಂದರು ಪಂಡಿತರು. ಒಂದು ಕಡೆ ಸರ್ವನಾಶ, ಇನ್ನೊಂದು ಕಡೆ ಸ್ಮಾರ್ತ ಸನ್ಯಾಸ. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ದುಃಖಪಡಬೇಕೆಂದು ತಿಳಿಯದೆ ಅವರು ಕೋಲುಗಳನ್ನು ಊರಿಕೊಂಡು ನಿಂತುಬಿಟ್ಟರು.

"ಸನ್ಯಾಸ ಅಲ್ವಲ್ಲ?" ಎಂದರು ಚೂಡಾಮಣಿಯಮ್ಮ. "ಅಷ್ಟು ಸಾಕು. ಪಂಕಜಾ, ಅವನಿಗೆ ಕೊಡು."

ಪಂಕಜಾ ಮುಂದೆ ಬಂದಳು. ಗಂಡನನ್ನು ಸಂಸಾರಕ್ಕೆ ಎಳೆತರುವ ಕೊನೆಯ ಅಸ್ತ್ರವೆಂದು ತಂದಿದ್ದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಹೊಸದಾಗಿ ಹುರಿದು ಪುಡಿ ಮಾಡಿದ ಕಾಫಿಯ ಘಮ ಹಾಲು ತುಂಬಿತು. ಚಕ್ರಪಾಣಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಕುಡಿದ. ಇನ್ನೊಂದು ಲೋಟ ಕೇಳಿದ. ಅದನ್ನೂ ಕುಡಿದ. ಬೈಲಪ್ಪನವರೂ ಸೇರಿದಂತೆ ಎಲ್ಲರೂ ಅಲ್ಲಿಯವರೆಗೆ ಕಾದರು. ಕಾಫಿ ಕುಡಿಯುವವನನ್ನು ಅವಸರಪಡಿಸುವಷ್ಟು ಕಟುಕರು ನಮ್ಮ ಸಂಘದಲ್ಲಿ ಯಾರೂ ಇರಲಿಲ್ಲ.

ಆಮೇಲೆ ಚಕ್ರಪಾಣಿ ಎರಡೂ ಅಂಗೈ ಮುಂದೆ ಚಾಚಿ ನೋಡಿಕೊಂಡ. ಅಲುಗುತ್ತಿರಲಿಲ್ಲ. ದಾಸಪ್ಪನ ಕೋಲನ್ನು ಗೋಡೆಗೆ ಒರಗಿಸಿದ. ಮಾವನ ಬಲಗೈಯಲ್ಲಿದ್ದ ಬಿದಿರನ್ನು ಮೆಲ್ಲಗೆ ಬಿಡಿಸಿಕೊಂಡ. ಎಷ್ಟೋ ವರ್ಷಗಳ ಕೈ ತಾಗಿ ಅದು ಗಾಜಿನಂತೆ ನುಣುಪಾಗಿತ್ತು, ದಾರ ಹಿಡಿದ ಹಾಗೆ ನೆಟ್ಟಗಿತ್ತು. ಬಾಗಿದ. ಕಣ್ಣು ಮುಚ್ಚಲೂ ಇಲ್ಲ. ಹೊಡೆದ.

ಆ ಸದ್ದು ತಿಲಕ್ ನಗರದ ಮುಖ್ಯರಸ್ತೆಯವರೆಗೆ ಕೇಳಿಸಿತೆಂದು ಆಮೇಲೆ ಜನ ಹೇಳಿದರು. ಹದಿನೈದು ಚೆಂಡುಗಳೂ ಶಾಲೆ ಬಿಟ್ಟ ಹುಡುಗರ ಹಾಗೆ ದಿಕ್ಕುದಿಕ್ಕಿಗೆ ಓಡಿದವು. ಒಂದು ಹಳದಿ ಚೆಂಡು ಮೇಜಿನ ಮೂಲೆಗೆ ಹೋಗಿ, ಅಂಚಿನಲ್ಲಿ ಸ್ವಲ್ಪ ಯೋಚಿಸಿ, ಕುಳಿಯೊಳಗೆ ಬಿತ್ತು. ಬೈಲಪ್ಪನವರು ಕೈ ಬಿಚ್ಚಿ, "ನೀರು ಬಿತ್ತು," ಎಂದರು. ಮರದ ಕೆಳಗಿದ್ದ ಗೋಡೌನಿನವನು ಸೈಕಲ್ಲು ಹತ್ತಿದ. ಪರಮಶಿವಯ್ಯ ಚಕ್ರಪಾಣಿಯನ್ನು ತಬ್ಬಿಕೊಂಡು, ಹಗುರದ ಪಂಥವೇ ಸರಿಯೆಂದು ಬಹಿರಂಗವಾಗಿ ಒಪ್ಪಿಕೊಂಡರು. ಪಂಡಿತರು ಮಾತ್ರ, "ಬಿದಿರು ಅಂತ ನಾನು ಮೊದಲೇ ಹೇಳಿದ್ದೆ," ಎಂದು ಸುತ್ತಲಿನವರಿಗೆ ತಿಳಿಸತೊಡಗಿದರು.

ಚೂಡಾಮಣಿಯಮ್ಮ ಮುಂದೆ ಬಂದರು.

"ಅದು ನಮ್ಮನೆ ಮಡಿ ಕೋಲು," ಎಂದರು.

ಮಡಿ ಬಟ್ಟೆಯನ್ನು ಕೈಯಿಂದ ಮುಟ್ಟದೆ ಮೇಲಿನ ಗಳುವಿಗೆ ಹರವುವ, ಇಳಿಸುವ ಕೋಲು ಅದು. ಅವರು ಮದುವೆಯಾಗಿ ಬಂದ ದಿನದಿಂದ ಆ ಮನೆತನದಲ್ಲಿತ್ತು. ಮೂರು ಕೋಲಿನ ಲೆಕ್ಕ ತುಂಬಲು ಪಂಡಿತರು ತಮ್ಮ ಮನೆಯದೊಂದು, ಮಗಳ ಮನೆಯದೊಂದು ಕಿತ್ತು ತಂದಿದ್ದರು.

"ತೊಳೆದ್ರೆ ಆಯ್ತಮ್ಮ," ಎಂದ ಚಕ್ರಪಾಣಿ.

"ಆ ಚೆಂಡು ಯಾತರದ್ದು?"

ಚಕ್ರಪಾಣಿ ಬಾಯಿ ತೆರೆಯುವ ಮೊದಲೇ ಪರಮಶಿವಯ್ಯ ಉತ್ತರಿಸಿದರು. ತಾಂತ್ರಿಕ ಪ್ರಶ್ನೆ ಕೇಳಿದ ಮೇಲೆ ಅವರನ್ನು ತಡೆಯಲು ಯಾರಿಂದಲೂ ಆಗದು. "ಹಿಂದೆ ಆನೆ ದಂತದಲ್ಲಿ ಮಾಡ್ತಿದ್ರು ತಾಯಿ. ಈಗ ಏನೋ ಗಟ್ಟಿ ವಸ್ತು."

"ದಂತ ಅಂದ್ರೆ ಮೂಳೆ," ಎಂದರು ಚೂಡಾಮಣಿಯಮ್ಮ. "ಅದು ಇಲ್ಲೇ ಇರಲಿ. ಮನೆಗೆ ಬರಕೂಡದು." ಆಮೇಲೆ ಗೋಡೆಗೆ ಒರಗಿದ್ದ ತೇಗದ ಕೋಲಿನ ಕಡೆ ತಿರುಗಿದರು. ತುದಿಯ ಹಿತ್ತಾಳೆ, ಬಟ್ಟೆ ಜಾರದಂತೆ ಹಿಡಿಯಬಲ್ಲ ಉಂಗುರಗಳು, ಎಲ್ಲವನ್ನೂ ಕಣ್ಣಲ್ಲೇ ಅಳೆದರು. "ಇದರಲ್ಲಿ ಹೊಡೆದ್ಯಾ?"

"ಹೊಡೆದೆ."

"ಚೆಂಡಿಗೆ ಮುಟ್ಟಿತಾ?"

ಚಕ್ರಪಾಣಿ ನಮ್ಮೆಲ್ಲರ ಮುಖ ನೋಡಿದ. ಒಂದು ಸುಳ್ಳು ಹೇಳಿದ್ದರೆ ಕೋಲು ಆತನದಾಗುತ್ತಿತ್ತು. ಆದರೆ ಇಡೀ ಸಭೆ ಸಾಕ್ಷಿಯಾಗಿತ್ತು.

"ಮುಟ್ಟಲಿಲ್ಲಮ್ಮ," ಎಂದ.

"ಹಾಗಾದ್ರೆ ಶುದ್ಧವಾಗಿದೆ," ಎಂದು ಅವರು ಅದನ್ನು ಕೈಗೆತ್ತಿಕೊಂಡು ಆಟೋ ಕಡೆ ನಡೆದರು.

ಅಂದಿನಿಂದ ಸಂಘದಲ್ಲಿ ಆ ಬಿದಿರನ್ನು ತೂಗುಹಾಕಲು ಗೋಡೆಗೆ ಒಂದು ಮೊಳೆ ಹೊಡೆದಿದೆ. ಮೊದಲ ಏಟಿಗೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಯಾರೂ ಮುಟ್ಟುವಂತಿಲ್ಲ. ಪಂಡಿತರು ವಾರಕ್ಕೊಮ್ಮೆ ಅಳಿಯ ದಾರಿ ತಪ್ಪಿದ್ದಾನೆಯೇ ಎಂದು ನೋಡಲು ಬಂದು, ದೀಪ ಹಚ್ಚುವವರೆಗೆ ನೋಡುತ್ತಾ ಕೂತಿರುತ್ತಾರೆ.

ದೀಪಾವಳಿ ಸಮಯದಲ್ಲಿ ಬನಶಂಕರಿಯ ಒಂದು ಸಂಘದವರು ಪಂದ್ಯಕ್ಕೆ ಕರೆದರು. ಸ್ವಂತ ಕೋಲು ತರಬೇಕೆಂದು ಹೇಳಿದರು. ಚಕ್ರಪಾಣಿ ಹಿತ್ತಲಿಗೆ ಹೋದ. ಗಳುವಿನ ಮೇಲೆ ತಾಯಿಯ ಸೀರೆ ಒಣಗುತ್ತಿತ್ತು, ಪಕ್ಕದಲ್ಲಿ ಕಮಲದ ಮೊಗ್ಗಿನ ತೇಗದ ಕೋಲು ನಿಂತಿತ್ತು. ಊರೆಲ್ಲ ಅಲೆದು ಆರಿಸಿ, ಚಿತ್ರ ಬರೆದುಕೊಟ್ಟು ಮಾಡಿಸಿದ ತನ್ನ ಬ್ರೇಕ್ ಕ್ಯೂವಿನ ಕಡೆ ಆತ ಕೈ ಚಾಚಿದ್ದನ್ನು ನಾನು ಗೋಡೆಯ ಈಚೆಯಿಂದ ನೋಡಿದೆ.

ಒಳಗಿನಿಂದ ಚೂಡಾಮಣಿಯಮ್ಮನವರ ದನಿ ಬಂತು. "ಲೋ ಚಕ್ರಪಾಣಿ, ಅದು ಮಡಿಯಲ್ಲಿದೆ. ಮುಟ್ಟಬೇಡ."